ಬೇರೆಯಾಗಲು ಒಟ್ಟಿಗೆ ಬಂದವರು

ಈಗಷ್ಟೇ ನ್ಯಾಯಾಂಗ ಸೇವೆಗೆ ಸೇರಿ, ‘ಅಯ್ಯೋ, ನನ್ನನ್ನು ಕೌಟುಂಬಿಕ ನ್ಯಾಯಾಲಯಕ್ಕೆ ಹಾಕಿಬಿಟ್ಟರು’ ಎಂದು ಮುಖ ಸಣ್ಣ ಮಾಡಿಕೊಳ್ಳುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಅವರ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಎಲ್ಲರಿಗೂ ಕೊಲೆ ಮೊಕದ್ದಮೆ ಬೇಕು, ದೊಡ್ಡ ದೊಡ್ಡ ಕಂಪನಿಗಳ ವ್ಯಾಜ್ಯ ಬೇಕು. ಕೊಲೆ ಮೊಕದ್ದಮೆಯಲ್ಲಿ ಏನಿದೆ ಮಕ್ಕಳೇ? ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಸತ್ತವನು ಎದ್ದು ಬರುವುದಿಲ್ಲ. ಆದರೆ ಗಂಡ ಹೆಂಡತಿ ಮಗು ಮೂವರೂ ನಿಮ್ಮೆದುರು ನಿಂತಾಗ ಕಥೆ ಇನ್ನೂ ನಡೆಯುತ್ತಿರುತ್ತದೆ. ನೀವು ಬಾಯಿ ಬಿಟ್ಟರೆ ಅದು ಒಂದು ಕಡೆ ತಿರುಗುತ್ತದೆ, ಬಾಯಿ ಮುಚ್ಚಿಕೊಂಡರೆ ಇನ್ನೊಂದು ಕಡೆ. ಇದಕ್ಕಿಂತ ಮೈ ಜುಮ್ಮೆನ್ನಿಸುವ ಕೆಲಸ ನನಗಂತೂ ಗೊತ್ತಿಲ್ಲ.

ನನ್ನ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕದ ದೆಹಲಿಯಲ್ಲಿ, ಕೌಟುಂಬಿಕ ನ್ಯಾಯಾಲಯ ಎಂಬ ಹೆಸರೇ ಇರಲಿಲ್ಲ. ಗಂಡ ಹೆಂಡಿರ ವ್ಯಾಜ್ಯಗಳು ಜಿಲ್ಲಾ ಕೋರ್ಟಿಗೆ ಬರುತ್ತಿದ್ದವು. ಪೊಲೀಸರ ಕೈಗೆ ಸಿಕ್ಕ ಮಕ್ಕಳ ವಿಚಾರ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತಿತ್ತು. ನಾನು ಮೊದಲು ಮಕ್ಕಳ ನ್ಯಾಯಾಲಯದಲ್ಲಿ ಕೂತೆ, ಆಮೇಲೆ ದಂಪತಿಗಳ ಕೋರ್ಟಿನಲ್ಲಿ. ಯಾವಾಗ ಬಡ್ತಿ ಸಿಕ್ಕಿತು, ಯಾರ ಸಹಿ ಬಿತ್ತು ಎಂಬುದೆಲ್ಲ ನಿಮಗೆ ಉಪಯೋಗವಿಲ್ಲದ ಮಾತು, ಬಿಡಿ.

ಮಕ್ಕಳ ನ್ಯಾಯಾಲಯದ ಮೊದಲ ವಾರವೇ ನನಗೆ ಒಂದು ಹುಡುಗಿ ಸಿಕ್ಕಿದಳು. ಹೆಸರು ಕಮಲಾ. ಬರೇಲಿ ಕಡೆಯಿಂದ ಬಂದ ರೈಲಿನಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವಳು. ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಹಣೆಗೆ ಇಷ್ಟಗಲ ಬಿಂದಿ ಇಟ್ಟುಕೊಂಡಿದ್ದಳು. ಕರೆತಂದ ಪೊಲೀಸ್ ದಾರೋಗಾ ಖಾಕಿಯಲ್ಲೇ ಒಳಗೆ ನುಗ್ಗಿದ. ಮಕ್ಕಳ ಮುಂದೆ ಖಾಕಿ ಬೇಡ ಎಂದು ನಾನು ಅವನನ್ನು ಹೊರಗೆ ಕಳಿಸಿದೆ. ಆತ ಯಾರದೋ ಕುರ್ತಾ ಎರವಲು ತಂದು ತೊಟ್ಟುಕೊಂಡು ಬಂದ. ತೋಳು ಮೊಣಕೈವರೆಗೂ ಬರುತ್ತಿರಲಿಲ್ಲ. ಆ ಅವತಾರ ನೋಡಿ ಹುಡುಗಿಯ ತುಟಿ ಅಲುಗಿತು, ಆದರೆ ನಗು ನುಂಗಿಕೊಂಡಳು.

“ಎಷ್ಟು ವಯಸ್ಸು?” ಎಂದೆ.

“ಇಪ್ಪತ್ತು. ಮದುವೆಯಾಗಿದೆ. ಎರಡು ಮಕ್ಕಳಿದ್ದಾವೆ. ನನ್ನನ್ನ ಬಿಟ್ಟುಬಿಡಿ.”

“ಅಚ್ಛಾ. ಮಕ್ಕಳ ಹೆಸರು?”

ಆಕೆ ಛಾವಣಿ ನೋಡಿದಳು. “ಮುನ್ನಾ. ಮತ್ತೆ... ಮುನ್ನಿ.”

“ಹೆರಿಗೆ ಎಲ್ಲಾಯ್ತು?”

“ಬಜಾರಿನಲ್ಲಿ.”

ನನ್ನ ರೀಡರ್ ಸೋಹನ್‌ಲಾಲ್ ಕಡತದ ಹಿಂದೆ ಮುಖ ಮುಚ್ಚಿಕೊಂಡ. ಕೋರ್ಟಿನ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತನಿಗೆ ನಮ್ಮಲ್ಲಿ ರೀಡರ್ ಅನ್ನುತ್ತೇವೆ. ಗಂಭೀರ ಮನುಷ್ಯ, ಆದರೂ ಅವನ ಭುಜ ಕುಲುಕುತ್ತಿತ್ತು. ನಾನು ಕುರ್ಚಿಯಿಂದ ಎದ್ದು ಕೆಳಗಿಳಿದು ಬಂದು ಹುಡುಗಿ ಕೂತಿದ್ದ ಬೆಂಚಿನಲ್ಲೇ ಕೂತೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅಷ್ಟೇ ಸಾಕಾಯಿತು. ಆಕೆ ನನ್ನ ಕಡೆ ತಿರುಗಿ, “ದೀದಿ, ಬಜಾರಿನಲ್ಲಿ ಮಕ್ಕಳಾಗೋದಿಲ್ವಾ?” ಎಂದು ಪಿಸುಗುಟ್ಟಿದಳು. ಮರುಕ್ಷಣ ಅಳು ಉಕ್ಕಿತು. ಹದಿಮೂರೋ ಹದಿನಾಲ್ಕೋ ಇರಬೇಕು. ಊರಿನಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಅವಳನ್ನು ಗೊತ್ತು ಮಾಡಿದ್ದರು. ಮದುವೆಗೆಂದು ತಂದ ಸೀರೆಯನ್ನೇ ಉಟ್ಟುಕೊಂಡು, ದೆಹಲಿಯ ಶಾಹದರಾದಲ್ಲಿದ್ದ ಸೋದರತ್ತೆಯನ್ನು ಹುಡುಕಿಕೊಂಡು ಹೊರಟಿದ್ದಳು.

ತಂದೆಯನ್ನು ಕರೆಸಿದೆ. ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಅವನಿಗೂ ಅದೇ ಬೆಂಚು. ನಾನು ಕಾನೂನು ಹೇಳಿದಾಗ ಕಲ್ಲಿನ ಹಾಗೆ ಕೂತಿದ್ದ. ಆದರೆ ಮಗಳು ‘ಬಜಾರಿನ ಹೆರಿಗೆ’ಯ ಕಥೆ ಹೇಳಿದಾಗ ಅವನಿಗೆ ನಗು ಬಂತು, ನಗುತ್ತಲೇ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. “ಇವಳಿನ್ನೂ ಮಗು, ಸಾಹಿಬಾ” ಎಂದ. “ಅದನ್ನೇ ನಾನೂ ಹೇಳ್ತಿರೋದು” ಎಂದೆ. ಹುಡುಗಿ ಅತ್ತೆಯ ಮನೆಯಲ್ಲಿ ಉಳಿದು ಶಾಲೆಗೆ ಸೇರಿದಳು. ಅಂದು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎತ್ತರದ ಕುರ್ಚಿಯಿಂದ ಕೇಳಿದರೆ ಸುಳ್ಳು ಬರುತ್ತದೆ, ಪಕ್ಕದಲ್ಲಿ ಕೂತು ಕೇಳಿದರೆ ನಿಜ ಬರುತ್ತದೆ! ದೊಡ್ಡ ಶೋಧ ಮಾಡಿದವಳ ಹಾಗೆ ನನ್ನ ಗಂಡನಿಗೆ ಹೇಳಿದೆ. ಅವರು ಆಗ್ರಾದವರು, ಸಮಾಧಾನದ ಮನುಷ್ಯ. “ಇದನ್ನ ನಮ್ಮಮ್ಮನೂ ಹೇಳ್ತಾರೆ” ಎಂದರು.

ಮುಂದೆ ದಂಪತಿಗಳ ಕೋರ್ಟಿಗೆ ಬಂದಾಗ ನನಗಿಂತ ಹಿರಿಯರಾಗಿದ್ದವರು ಭಾರದ್ವಾಜ್ ಸಾಹೇಬರು. ನರೆತ ಹುಬ್ಬು, ಗುಡುಗಿನಂಥ ದನಿ. ವಿಚ್ಛೇದನ ಕೇಳಿಕೊಂಡು ಬಂದವರನ್ನು ರಾಜಿ ಮಾಡಿಸಿ ಕಳಿಸುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಅವರ ವಿಧಾನ ಸರಳ. ಇಬ್ಬರನ್ನೂ ಚೇಂಬರಿಗೆ ಕರೆದು ಚಹಾ ಕುಡಿಸುವುದು, ಆಮೇಲೆ ಇಬ್ಬರನ್ನೂ ಚೆನ್ನಾಗಿ ಬೈಯುವುದು. ಎಷ್ಟೋ ಜನ ಹೆದರಿಕೊಂಡೇ ಒಂದಾಗಿ ಹೋಗುತ್ತಿದ್ದರು. “ಮನೆ ಒಡೆಯೋದಕ್ಕೆ ಸರ್ಕಾರ ನಮಗೆ ಸಂಬಳ ಕೊಡೋದಿಲ್ಲ, ಮಿಸೆಸ್ ಮಾಥುರ್” ಎಂದು ಮೊದಲ ದಿನವೇ ನನಗೆ ಹೇಳಿದರು.

ಅಂದಿನ ಕಾನೂನು ಹೇಗಿತ್ತೆಂದು ನೀವು ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಪ್ಪಿ ‘ನಾವು ಬೇರೆಯಾಗುತ್ತೇವೆ’ ಎಂದರೆ ಕೋರ್ಟು ಕೇಳುತ್ತಿರಲಿಲ್ಲ. ಒಬ್ಬರು ಕೆಟ್ಟವರಾಗಲೇಬೇಕು, ಇನ್ನೊಬ್ಬರು ಅದನ್ನು ರುಜುವಾತು ಮಾಡಲೇಬೇಕು. ಹೊಡೆದ, ಬಡಿದ, ಬಿಟ್ಟುಹೋದ ಎಂದು ಸಾಬೀತಾದರೂ ಮೊದಲು ಪ್ರತ್ಯೇಕವಾಗಿ ಇರಲು ಆದೇಶ ಸಿಗುತ್ತಿತ್ತು, ವರ್ಷಗಟ್ಟಲೆ ಕಾದ ಮೇಲೆ ವಿಚ್ಛೇದನ. ಇಬ್ಬರೂ ಒಳಗೊಳಗೇ ಒಪ್ಪಿಕೊಂಡು ಬಂದಿದ್ದಾರೆ ಎಂದು ನ್ಯಾಯಾಧೀಶರಿಗೆ ಗೊತ್ತಾದರೋ, ಅರ್ಜಿ ವಜಾ!

ಇಂಥ ಹೊತ್ತಿನಲ್ಲಿ ನನ್ನ ಮುಂದೆ ಬಂದವರು ಗಿರಿಜಾ ಮತ್ತು ಶ್ರೀಧರ.

ಗಿರಿಜಾ ಕುಂದಾಪುರದ ಕಡೆಯವರ ಮಗಳು. ಅವರಪ್ಪ ಕರೋಲ್ ಬಾಗಿನಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಶ್ರೀಧರ ಮೈಸೂರಿನಿಂದ ದೆಹಲಿಗೆ ಓದಲು ಬಂದು, ಆ ಹೋಟೆಲಿನಲ್ಲೇ ಊಟ ಮಾಡುತ್ತ ಎಂಜಿನಿಯರಾಗಿ, ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದವನು. ಊಟ ಬಡಿಸುತ್ತ ಬಡಿಸುತ್ತ ಹುಡುಗನನ್ನು ಮೆಚ್ಚಿಕೊಂಡ ಅಪ್ಪ ಮಗಳನ್ನೇ ಕೊಟ್ಟರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ನನ್ನ ಮುಂದಿದ್ದದ್ದು ಗಿರಿಜಾಳ ಅರ್ಜಿ ಮಾತ್ರ. ಗಂಡ ದಿನವೂ ಹೊಡೆಯುತ್ತಾನೆ, ಜೀವಕ್ಕೆ ಅಪಾಯವಿದೆ ಎಂದು ಬರೆದಿತ್ತು. ಆಕೆಯ ವಕೀಲ ಚೋಪ್ರಾ, ಹಳೆ ಹುಲಿ. ಶ್ರೀಧರನ ವಕೀಲ ಹೊಸಬ, ಎದ್ದು ನಿಲ್ಲುವುದು ಕೂರುವುದು ಬಿಟ್ಟರೆ ಅವನು ಇನ್ನೇನೂ ಮಾಡಲಿಲ್ಲ. ನನಗೆ ಸಣ್ಣ ಅನುಮಾನ ಹುಟ್ಟಿದ್ದೇ ಆಗ.

ಗಿರಿಜಾ ಕಟಕಟೆಗೆ ಬಂದಳು. ಚೋಪ್ರಾ ಹಿಂದಿಯಲ್ಲಿ ಕೇಳಿದ, “ಹೇಳಿ, ನಿಮ್ಮ ಪತಿ ನಿಮ್ಮ ಮೇಲೆ ಕೈ ಮಾಡಿದ್ದಾರಾ?”

ಚೋಪ್ರಾ ಮತ್ತೆ ಕೇಳಿದ. ಆಕೆ ಶ್ರೀಧರನ ಕಡೆ ನೋಡಿದಳು. ಶ್ರೀಧರ ತಲೆಯಾಡಿಸಿ ‘ಹ್ಞೂಂ, ಹ್ಞೂಂ’ ಎಂದು ಸನ್ನೆ ಮಾಡಿದ. ಆಗ ಗಿರಿಜಾ ಅಚ್ಚ ಕನ್ನಡದಲ್ಲಿ, ಮೆಲ್ಲಗೆ, ಆದರೆ ನನಗೆ ಕೇಳುವ ಹಾಗೆ, “ಆಗೋದಿಲ್ಲ ರೀ. ಬಾಯಿ ಬರ್ತಾ ಇಲ್ಲ” ಎಂದಳು.

“ಹೇಳಿಬಿಡು ಗಿರಿಜಾ. ಒಂದೇ ಮಾತು.”

“ಒಂದು ದಿನವೂ ಕೈ ಎತ್ತದವರನ್ನ ಹೊಡೆದ್ರು ಅಂತ ಹೇಗೆ ಹೇಳ್ಲಿ?”

“ನಾನು ಬೇಜಾರು ಮಾಡ್ಕೊಳೋದಿಲ್ಲ. ದೇವರಾಣೆ. ಹೇಳು.”

ಚೋಪ್ರಾ ಕರವಸ್ತ್ರ ತೆಗೆದು, “ನೋಡಿ ಮೈ ಲಾರ್ಡ್, ನೋವಿನಿಂದ ಪಾಪ ಮಾತೇ ಹೊರಡುತ್ತಿಲ್ಲ” ಎಂದ. ಸ್ಟೆನೋ ಬೆರಳು ಎತ್ತಿಕೊಂಡು ನನ್ನ ಮುಖ ನೋಡಿದ, “ಸಾಕ್ಷಿ ಏನು ಹೇಳಿದರು, ಮೇಡಮ್?”

ಇಡೀ ಕೋಣೆಯಲ್ಲಿ ಅದು ಅರ್ಥವಾದದ್ದು ಮೂವರಿಗೆ. ಬಾಗಿಲ ಫಲಕದಲ್ಲಿದ್ದದ್ದು ನನ್ನ ಗಂಡನ ಮನೆತನದ ಹೆಸರು. ಅದರ ಹಿಂದೆ ಮಂಗಳೂರಿನಿಂದ ಬಂದ ಸೆಕ್ರೆಟೇರಿಯಟ್ ಗುಮಾಸ್ತರ ಮಗಳೊಬ್ಬಳು, ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕನ್ನಡ ಮಾತಾಡಿಕೊಂಡೇ ಬೆಳೆದವಳು, ಕೂತಿದ್ದಾಳೆಂದು ಅವರಿಗೇನು ಗೊತ್ತು? ಸುಮ್ಮನಿದ್ದರೆ ಸುಳ್ಳಿಗೆ ಪಾಲುದಾರಳಾಗುತ್ತೇನೆ. ಬಾಯಿ ಬಿಟ್ಟರೆ ಇವರ ದಾರಿ ಮುಚ್ಚುತ್ತದೆ. ಯೋಚಿಸಲು ಸಮಯವೂ ಇರಲಿಲ್ಲ.

“ಗಿರಿಜಾ ಅವರೇ,” ಎಂದೆ, “ನನಗೆ ಕನ್ನಡ ಬರುತ್ತೆ.”

ಆಕೆ ಕಟಕಟೆಯ ಅಡ್ಡಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಶ್ರೀಧರ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ನಾನು ಹಿಂದಿಯಲ್ಲಿ ಎಲ್ಲರಿಗೂ ವಿಷಯ ತಿಳಿಸಿದೆ. ಚೋಪ್ರಾ ಚಿಮ್ಮಿ ಎದ್ದ.

“ನನ್ನ ಆಕ್ಷೇಪಣೆ ಇದೆ!”

“ಯಾವುದಕ್ಕೆ, ಚೋಪ್ರಾ ಸಾಹೇಬರೇ?”

“ನಿಮಗೆ... ನಿಮಗೆ ಕನ್ನಡ ಬರುವುದಕ್ಕೆ!”

ನನ್ನ ಜತೆಗೇ ಈ ಕೋರ್ಟಿಗೂ ಬಂದಿದ್ದ ಸೋಹನ್‌ಲಾಲನ ಭುಜ ಮತ್ತೆ ಕುಲುಕಿತು. ನಾನು ದಂಪತಿಗಳನ್ನು ಮಾತ್ರ ಚೇಂಬರಿಗೆ ಕರೆದೆ. ಅಲ್ಲಿ ಮೇಜಿನ ಹಿಂದೆ ಕೂರದೆ ಅವರ ಜತೆಗೇ ಕುರ್ಚಿ ಎಳೆದುಕೊಂಡೆ. “ಈಗ ನಿಜ ಹೇಳಿ, ಕನ್ನಡದಲ್ಲೇ ಹೇಳಿ” ಎಂದೆ.

ಶ್ರೀಧರ ಮೊದಲು ಮಾತಾಡಿದ. “ಇವಳು ಕೆಟ್ಟವಳಲ್ಲ ಮೇಡಮ್. ಇಡೀ ದಿನ ಕಾರ್ಖಾನೆ ಸದ್ದು ಕೇಳಿ ಬರ್ತೀನಿ. ನಮ್ಮ ಮನೆ ಹೋಟೆಲ್ ಮಹಡಿ ಮೇಲೆ. ಬೆಳಕು ಹರಿಯೋ ಮೊದಲೇ ರುಬ್ಬೋಕೆ ಶುರು. ಫರೀದಾಬಾದಿಗೆ ಬಾ ಅಂದೆ. ಹೋಟೆಲು ಮಾರಿಬಿಡೋಣ ಅಂದೆ.”

“ನನ್ನಪ್ಪ ಪಾರ್ಶ್ವವಾಯು ಆಗಿ ಮಲಗಿದಾರೆ, ಮೇಡಮ್” ಎಂದಳು ಗಿರಿಜಾ. “ಗಲ್ಲಾದಲ್ಲಿ ನಾನು ಕೂರದಿದ್ರೆ ಹೋಟೆಲು ಮುಚ್ಚಿಹೋಗ್ತದೆ. ಇವರಿಗೆ ಸದ್ದು ಅಂದ್ರೆ ಆಗೋದಿಲ್ಲ, ನನಗೆ ಸದ್ದಿಲ್ಲದಿದ್ರೆ ಉಸಿರು ಕಟ್ತದೆ. ಮೊದಲು ಅದಕ್ಕೆ ಜಗಳ. ಈಗ ಉಪ್ಪಿಗೆ ಜಗಳ, ಫ್ಯಾನಿಗೆ ಜಗಳ, ಕಿಟಕಿಗೆ ಜಗಳ. ನಮ್ಮ ಮೀನಾ ಶಾಲೆಯಲ್ಲಿ ಅರಳು ಹುರಿದ ಹಾಗೆ ಮಾತಾಡ್ತಾಳಂತೆ. ಮನೆಗೆ ಬಂದ್ರೆ ಬಾಯೇ ಇಲ್ಲ. ಎಂಟು ವರ್ಷದ ಮಗು ಮಾರಾಯ್ರೆ, ಮನೆಯಲ್ಲಿ ಮೂಕಿ ಆಗಿದಾಳೆ.”

ನಾನು ರಾಜಿಯ ಮಾತಾಡಿದೆ. ಭಾರದ್ವಾಜ್ ಸಾಹೇಬರ ಚಹಾವನ್ನೂ ತರಿಸಿದೆ, ಬೈಗುಳವೊಂದನ್ನು ಬಿಟ್ಟೆ. ಇಬ್ಬರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಆದರೆ ಮನಸ್ಸು ಮಾಡಿಕೊಂಡೇ ಬಂದಿದ್ದರು. ಕೊನೆಗೆ ನಾನು, “ಈ ಕಾನೂನಿನಲ್ಲಿ ನಿಮಗೆ ದಾರಿಯಿಲ್ಲ. ಅರ್ಜಿ ವಾಪಸು ತೆಗೆದುಕೊಳ್ಳಿ” ಎಂದೆ.

ಗಿರಿಜಾ ಎದ್ದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. “ಅಂದ್ರೆ ನಾವು ಒಬ್ಬರಿಗೊಬ್ಬರು ಕೆಟ್ಟವರಾದ್ರೆ ಮಾತ್ರ ಕೋರ್ಟಿನ ಬಾಗಿಲು ತೆಗೀತದಾ? ಒಳ್ಳೆಯವರಾಗಿ ಬೇರೆಯಾಗೋಕೆ ಬಾಗಿಲೇ ಇಲ್ವಾ?”

ಅವರು ಅರ್ಜಿ ವಾಪಸು ಪಡೆದು ಹೋದರು. ನಾನು ನೇರ ಭಾರದ್ವಾಜ್ ಸಾಹೇಬರ ಚೇಂಬರಿಗೆ ನುಗ್ಗಿ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ. ದನಿ ಎಷ್ಟು ಏರಿತ್ತೆಂದರೆ ಅವರ ಜವಾನ ಬಾಗಿಲು ಸರಿಸಿ ಇಣುಕಿದ. ಸಾಹೇಬರು ಹುಬ್ಬು ಮೇಲೇರಿಸಿ, “ಒಳ್ಳೆಯವರಾಗಿದ್ದರೆ ಬೇರೆಯಾಗೋದು ಯಾಕೆ? ನನ್ನ ಕೋರ್ಟಿಗೆ ಕಳಿಸಬೇಕಿತ್ತು, ಒಂದೇ ದಿನದಲ್ಲಿ ಸರಿಮಾಡಿ ಕಳಿಸ್ತಿದ್ದೆ” ಎಂದರು. ಅವರೊಂದಿಗೆ ವಾದ ಮಾಡುವುದು ಅಂದಿನಿಂದ ನನಗೆ ಚಟವಾಯಿತು. ಅವರೂ ಅದಕ್ಕೆ ಕಾಯುತ್ತಿದ್ದರೆಂದು ಕಾಣುತ್ತದೆ, ಮಧ್ಯಾಹ್ನದ ವಿರಾಮಕ್ಕೆ ನನಗಾಗಿ ಒಂದು ಲೋಟ ಚಹಾ ಇಡಿಸಿರುತ್ತಿದ್ದರು.

ಆಮೇಲೆ ಕಾನೂನು ಬದಲಾಯಿತು! ದಶಕದ ನಡುವೆ, ಎಪ್ಪತ್ತಾರರಲ್ಲಿ. ತಿದ್ದುಪಡಿಯ ಪ್ರತಿ ನಮ್ಮ ಕೈಗೆ ಬಂದ ದಿನ ನಾನು ಅದನ್ನು ನಿಂತೇ ಓದಿದೆ. ಒಂದು ವರ್ಷದಿಂದ ಬೇರೆ ಬೇರೆ ಇರುವ ದಂಪತಿಗಳು ಇಬ್ಬರೂ ಸೇರಿ ಅರ್ಜಿ ಕೊಡಬಹುದು. ಆರು ತಿಂಗಳು ಕಾಯಬೇಕು. ಆಮೇಲೂ ಇಬ್ಬರ ಮನಸ್ಸೂ ಅದೇ ಆಗಿದ್ದರೆ ವಿಚ್ಛೇದನ. ಯಾರೂ ಯಾರನ್ನೂ ಕೆಟ್ಟವರೆನ್ನಬೇಕಿಲ್ಲ. ಬಾಗಿಲು ತೆಗೆದಿತ್ತು! ಚೋಪ್ರಾನಂಥವರು ಇದನ್ನು ನಂಬಲೇ ಇಲ್ಲ. “ಹೊಡೆತವಿಲ್ಲ, ಬಡಿತವಿಲ್ಲ, ನಾವು ವಾದ ಮಾಡೋದಾದರೂ ಏನು?” ಎಂದು ಆತ ವರಾಂಡದಲ್ಲಿ ಗೋಳಾಡುತ್ತಿದ್ದ.

ಮೊದಮೊದಲು ಈ ಕಲಮಿನಡಿ ಯಾರೂ ಬರಲಿಲ್ಲ, ಜನಕ್ಕೆ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಸೋಹನ್‌ಲಾಲ್ ಕಡತ ಮುಂದಿಟ್ಟು, “ಮೇಡಮ್, ನಿಮ್ಮ ಕನ್ನಡದವರು” ಎಂದ. ಜಂಟಿ ಅರ್ಜಿ. ಕೆಳಗೆ ಗಿರಿಜಾ, ಶ್ರೀಧರ ಇಬ್ಬರ ಸಹಿ. ಆತ ವರ್ಷಕ್ಕೂ ಹಿಂದೆಯೇ ಫರೀದಾಬಾದಿನ ಒಂದು ಸೆಕ್ಟರಿನಲ್ಲಿ ಕೋಣೆ ಹಿಡಿದು ಬೇರೆ ಇದ್ದ. ಇಬ್ಬರೂ ಸ್ವಲ್ಪ ತೆಳ್ಳಗಾಗಿದ್ದರು. ಮಗಳು ವಾರವೆಲ್ಲ ತಾಯಿಯ ಬಳಿ, ಭಾನುವಾರ ಫರೀದಾಬಾದಿನಲ್ಲಿ ತಂದೆಯ ಬಳಿ ಎಂದು ಒಪ್ಪಂದ ಮಾಡಿಕೊಂಡು ಬಂದಿದ್ದರು.

“ಮೀನಾಳನ್ನ ಕೇಳಿದ್ರಾ?” ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೀನಾಳನ್ನು ಕರೆಸಿದೆ. ಎರಡು ಜಡೆ, ಶಾಲೆಯ ಸಮವಸ್ತ್ರ, ಹಲ್ಲುಗಳ ನಡುವೆ ಸಂದಿ. ಚೇಂಬರಿನಲ್ಲಿ ನಾವಿಬ್ಬರೇ, ಪಕ್ಕ ಪಕ್ಕ ಕೂತೆವು. ನಾನು ಕನ್ನಡದಲ್ಲಿ ಕೇಳಿದೆ, ಅವಳು ಹಿಂದಿಯಲ್ಲಿ ಉತ್ತರಿಸಿದಳು.

“ಕನ್ನಡ ಗೊತ್ತಾಗುತ್ತಾ ಪುಟ್ಟೀ?”

“ಸಬ್ ಸಮಝ್‌ತೀ ಹೂಂ, ಎಲ್ಲಾ ಅರ್ಥವಾಗುತ್ತೆ, ಆಂಟಿ. ಅಮ್ಮ ಪಾಪಾ ನನಗೆ ಗೊತ್ತಾಗಬಾರದು ಅಂತ ಕನ್ನಡದಲ್ಲೇ ಜಗಳ ಆಡ್ತಿದ್ರು. ನನಗೆ ಎಲ್ಲಾ ಗೊತ್ತಾಗ್ತಿತ್ತು. ಅದಕ್ಕೇ ನಾನು ಕನ್ನಡ ಮಾತಾಡೋದಿಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ.

“ನಿನಗೇನು ಬೇಕು, ಹೇಳು.”

ಅವಳು ಸಿದ್ಧಳಾಗಿಯೇ ಬಂದಿದ್ದಳು. “ಫರೀದಾಬಾದ್ ಬೇಡ. ಅಲ್ಲಿ ಪಾಪಾ ಕೋಣೆಯಲ್ಲಿ ಒಂದು ಮಂಚ, ಒಂದು ರೇಡಿಯೋ, ಅಷ್ಟೇ. ನಾವಿಬ್ಬರೂ ಗೋಡೆ ನೋಡ್ತಾ ಕೂತಿರ್ತೀವಿ. ಭಾನುವಾರ ಪಾಪಾನೇ ಹೋಟೆಲಿಗೆ ಬರಲಿ. ನನ್ನ ಜತೆ ಮೂಲೆ ಟೇಬಲ್ಲಿನಲ್ಲಿ ಕೂತು ಊಟ ಮಾಡಲಿ. ಅಮ್ಮ ಗಲ್ಲಾದಲ್ಲಿರಲಿ. ಮಾತಾಡದಿದ್ರೂ ಪರವಾಗಿಲ್ಲ. ಒಂದೇ ಕಡೆ ಇರಲಿ.”

ಹೊರಗೆ ಬಂದು ಇದನ್ನು ಹೇಳಿದಾಗ ಎಂಥ ಗಲಾಟೆ! “ಬಿಟ್ಟ ಗಂಡನಿಗೆ ನನ್ನ ಹೋಟೆಲಿನಲ್ಲಿ ಎಲೆ ಹಾಕಬೇಕಾ? ಸಪ್ಲೈಯರ್‌ಗಳು ಏನಂತಾರೆ? ಗಿರಾಕಿಗಳು ಏನಂತಾರೆ?” ಎಂದಳು ಗಿರಿಜಾ. “ಮಾವನ ಮನೆ ಬಾಗಿಲಿಗೆ ಮತ್ತೆ ಹೋಗಬೇಕಾ ನಾನು?” ಎಂದ ಶ್ರೀಧರ. ಇಬ್ಬರೂ ಕನ್ನಡದಲ್ಲೇ ಕೂಗಾಡಿದರು. ನಾನು ಬೆರಳು ತೋರಿಸಿದೆ. ಬಾಗಿಲಲ್ಲಿ ಮೀನಾ ನಿಂತಿದ್ದಳು. ಅವಳು ಹೇಳಿದ್ದನ್ನು ಅವಳ ಅನುಮತಿ ಪಡೆದೇ ಅವರಿಗೆ ತಿಳಿಸಿದೆ. “ನಿಮ್ಮ ಒಂದೊಂದು ಮಾತೂ ಇವಳಿಗೆ ಅರ್ಥವಾಗುತ್ತೆ. ಮೊದಲಿನಿಂದಲೂ ಆಗ್ತಿತ್ತು.”

ಗಿರಿಜಾ ಕೂತುಬಿಟ್ಟಳು. ಶ್ರೀಧರ ಕನ್ನಡಕ ತೆಗೆದು ಒರೆಸತೊಡಗಿದ, ಒರೆಸುತ್ತಲೇ ಇದ್ದ. ಗಿರಿಜಾ ಗಂಡನ ಕಡೆ ನೋಡದೆ, “ಭಾನುವಾರ ಬೆಳಗ್ಗೆ ಜನ ಜಾಸ್ತಿ. ಮಧ್ಯಾಹ್ನ ಬನ್ನಿ” ಎಂದಳು.

ಆ ಆರು ತಿಂಗಳು ನಮ್ಮ ವರಾಂಡದಲ್ಲಿ ಈ ಪ್ರಕರಣದ್ದೇ ಮಾತು. “ಭಾನುವಾರ ಭಾನುವಾರ ಅವಳ ಕೈ ಊಟ! ಅವರು ಒಂದಾಗೇ ಆಗ್ತಾರೆ, ಬರೆದಿಟ್ಟುಕೊಳ್ಳಿ” ಎಂದು ಭಾರದ್ವಾಜ್ ಸಾಹೇಬರು ಮೀಸೆ ತಿರುವಿದರು. ನನಗೂ ಕುತೂಹಲ ತಡೆಯಲಾಗುತ್ತಿರಲಿಲ್ಲ. ಒಂದು ಭಾನುವಾರ ಗಂಡನನ್ನು ಎಳೆದುಕೊಂಡು ಹೋಗಿ ಆ ಹೋಟೆಲಿನಲ್ಲಿ ಕೂತು ನೋಡೋಣ ಅನ್ನಿಸಿತ್ತು. ಹೋಗಲಿಲ್ಲ. ಮೊಕದ್ದಮೆ ನಮ್ಮ ಮುಂದಿರುವಾಗ ಪಕ್ಷಗಾರರ ದೋಸೆ ನಮಗೆ ನಿಷಿದ್ಧ, ನೀವೂ ನೆನಪಿಡಿ.

ಕೊನೆಯ ದಿನ ಬಂತು. ಇಬ್ಬರೂ ಹಾಜರಾಗಿ ಒಪ್ಪಿಗೆ ಹೇಳಬೇಕು, ಒಬ್ಬರು ಬಾರದಿದ್ದರೂ ಆದೇಶವಿಲ್ಲ. ಸೋಹನ್‌ಲಾಲ್ ಹೆಸರು ಕೂಗಿಸಿದ. ಗಿರಿಜಾ ಒಬ್ಬಳೇ ಬಂದಳು. ಮತ್ತೆ ಕೂಗಿಸಿದೆವು. ಶ್ರೀಧರನ ಸುಳಿವಿಲ್ಲ. ಬೇರೆ ಪ್ರಕರಣಗಳನ್ನು ಕೈಗೆತ್ತಿಕೊಂಡೆ, ಆದರೆ ನನ್ನ ಕಣ್ಣು ಬಾಗಿಲ ಮೇಲೇ. ಗಿರಿಜಾಳ ಮುಖ ಬಿಳಿಚುತ್ತ ಬಂತು. ಕೊನೆಗೆ ಎದ್ದು ನಿಂತು, “ಮೇಡಮ್, ಅವರು ಮಾತು ತಪ್ಪೋರಲ್ಲ. ಏನೋ ಆಗಿದೆ. ಫ್ಯಾಕ್ಟರಿಗೆ ಒಂದು ಫೋನ್ ಮಾಡಿ ಬರ್ತೀನಿ” ಎಂದು ಹೊರಗೆ ಓಡಿದಳು. ಅವನ ಮೇಲೆ ಸಿಟ್ಟಿರಲಿಲ್ಲ ಅವಳಿಗೆ, ಭಯವಿತ್ತು. ಕಾರ್ಖಾನೆಯ ಯಂತ್ರಗಳ ಭಯ. ಹಿಂದಿರುಗಿ ಬಂದು ಹೇಳಿದಳು, “ಬೆಳಗ್ಗೆಯೇ ರಜೆ ಹಾಕಿ ಹೊರಟಿದಾರಂತೆ.”

‘ಅಂದರೆ ಮನಸ್ಸು ಬದಲಾಯಿಸಿದ’ ಎಂದುಕೊಂಡೆ ನಾನು. ಹಾಗೆಂದುಕೊಂಡಾಗ ಸಂತೋಷವಾಯಿತೋ ಬೇಸರವಾಯಿತೋ ನನಗೇ ತಿಳಿಯಲಿಲ್ಲ.

ವಿರಾಮಕ್ಕೆ ಏಳಬೇಕು ಅನ್ನುವಷ್ಟರಲ್ಲಿ ವರಾಂಡದಲ್ಲಿ ದಡದಡ ಹೆಜ್ಜೆ ಸದ್ದು. ಶ್ರೀಧರ ಏದುಸಿರು ಬಿಡುತ್ತ ಒಳಗೆ ಬಂದ. ಅವನ ಕೈ ಹಿಡಿದುಕೊಂಡು, ಹೆಗಲಿಗೆ ಶಾಲೆಯ ಚೀಲ ಹಾಕಿಕೊಂಡ ಮೀನಾ.

“ಎಲ್ಲಿ ಹಾಳಾಗಿ ಹೋಗಿದ್ರಿ?” ಗಿರಿಜಾಗೆ ಕೋರ್ಟೆಂಬುದೇ ಮರೆತುಹೋಯಿತು. “ನನ್ನ ಜೀವ ಬಾಯಿಗೆ ಬಂದಿತ್ತು! ಇವಳನ್ನ ಯಾಕೆ ಕರ್ಕೊಂಡು ಬಂದ್ರಿ?”

“ಅವಳೇ ಹಟ ಹಿಡಿದಳು. ‘ಕೋರ್ಟಲ್ಲಿ ಹೇಳೋದನ್ನ ನನ್ನ ಮುಂದೆಯೇ ಹೇಳಬೇಕು’ ಅಂದಳು, ಮಾತು ಕೊಟ್ಟಿದ್ದೆ. ಶಾಲೆಯಲ್ಲಿ ಹೆಡ್ ಮಿಸ್ಟ್ರೆಸ್ ಬೇಗ ಬಿಡಲಿಲ್ಲ, ನಾನೇನು ಮಾಡಲಿ?”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ!”

ಆಗ ಮೀನಾ ಇಬ್ಬರ ನಡುವೆ ಬಂದು ನಿಂತು, ತಡವರಿಸುತ್ತ, ಪ್ರತಿ ಪದವನ್ನೂ ಹುಡುಕಿ ಹುಡುಕಿ ಹೇಳಿದಳು, “ಅಮ್ಮಾ, ಪಾಪಾ. ಕೋರ್ಟಲ್ಲಿ... ಜಗಳ... ಮಾಡಬಾರದು.”

ಕನ್ನಡ! ಗಿರಿಜಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಶ್ರೀಧರ ನಕ್ಕ, ಅವಳೂ ನಕ್ಕಳು, ಅಳುತ್ತ ನಕ್ಕಳು. ನಾನು ಜಜ್ಜು, ನಗುವ ಹಾಗಿಲ್ಲ. ನಕ್ಕೆ.

“ಶ್ರೀಧರ್ ಅವರೇ, ಗಿರಿಜಾ ಅವರೇ, ನಿಮ್ಮ ಮನಸ್ಸು ಬದಲಾಗಿದೆಯೇ? ಬದಲಾಗಿದ್ದರೆ ಸಂಕೋಚ ಬೇಡ, ಹೇಳಿ.”

ಶ್ರೀಧರ ಗಿರಿಜಾಳನ್ನು ನೋಡಿದ. ಆಕೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು, “ಇಲ್ಲ ಮೇಡಮ್. ಈ ಆರು ತಿಂಗಳಲ್ಲಿ ನಾವು ಜಗಳ ಆಡಿದ್ದು ಇವತ್ತೇ ಮೊದಲು. ದೂರ ಇದ್ದದ್ದಕ್ಕೇ ಜಗಳ ನಿಂತು ಸ್ನೇಹ ಉಳಿದದ್ದು. ಮತ್ತೆ ಒಂದೇ ಮನೆಯಲ್ಲಿ ಇದ್ರೆ ಇದೂ ಹಾಳಾಗ್ತದೆ.” ಶ್ರೀಧರ, “ನನ್ನದೂ ಅದೇ ಮಾತು” ಎಂದ. ಮೀನಾ ನೆಲ ನೋಡುತ್ತಿದ್ದಳು. “ನಿನಗೇನಾದರೂ ಹೇಳೋದಿದೆಯಾ ಪುಟ್ಟೀ?” ಎಂದೆ. ಅವಳು ತಲೆಯೆತ್ತಿ ಹಿಂದಿಯಲ್ಲಿ, “ಭಾನುವಾರದ್ದು ಬರೆಯಿರಿ, ಆಂಟಿ. ಪಕ್ಕಾ ಬರೆಯಿರಿ” ಎಂದಳು.

ಬರೆಸಿದೆ. ಸಹಿ ಹಾಕುವಾಗ ನನ್ನ ಮನಸ್ಸು ಗಾಳಿಪಟದ ಹಾಗೆ ಹಗುರಾಗಿತ್ತು. ಯಾರೂ ಯಾರಿಗೂ ಮಸಿ ಬಳಿಯದೆ ಮುಗಿದ ನನ್ನ ಮೊದಲ ವಿಚ್ಛೇದನ ಅದು.

ವಿರಾಮದಲ್ಲಿ ಭಾರದ್ವಾಜ್ ಸಾಹೇಬರ ಚೇಂಬರಿಗೆ ಹೋದೆ. ಅವರು ಕಿಟಕಿಯ ಬಳಿ ನಿಂತಿದ್ದರು. ಕೆಳಗೆ ಗೇಟಿನ ಹತ್ತಿರ ಶ್ರೀಧರ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡುತ್ತಿದ್ದ. ಮೀನಾ ಮುಂದೆ ನಿಂತುಕೊಂಡಳು. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತಳು. ಸ್ಕೂಟರು ಗುಡುಗುಡು ಎಂದು ಹೊರಟಿತು.

ಸಾಹೇಬರು ವಿಜಯದ ನಗೆಯೊಂದಿಗೆ ನನ್ನ ಕಡೆ ತಿರುಗಿದರು. “ನಾನು ಹೇಳಿರಲಿಲ್ಲವೇ? ಅರ್ಜಿ ವಜಾ ಮಾಡಿದಿರಿ ತಾನೇ?”

“ಇಲ್ಲ ಸರ್. ಮಂಜೂರು ಮಾಡಿದೆ. ಈಗ ಅವರು ಗಂಡ ಹೆಂಡತಿಯಲ್ಲ.”

“ಮತ್ತೆ ಒಂದೇ ಸ್ಕೂಟರಿನಲ್ಲಿ ಯಾಕೆ ಹೋಗ್ತಿದ್ದಾರೆ?”

“ಊಟದ ಹೊತ್ತು ಸರ್. ಹೋಟೆಲಿನಲ್ಲಿ ಗಲ್ಲಾ ಖಾಲಿ ಇರುತ್ತೆ. ಅವಳನ್ನ ಬೇಗ ತಲುಪಿಸಬೇಕಲ್ಲ.”

ಸಾಹೇಬರು ಮತ್ತೆ ಕಿಟಕಿಗೆ ತಿರುಗಿದರು. ಬಸ್ಸು ಟಾಂಗಾಗಳ ನಡುವೆ ಆ ಸ್ಕೂಟರು ಕಾಣದಾಗುವವರೆಗೂ ನೋಡಿದರು. ಆಮೇಲೆ ಗುಡುಗಿನ ದನಿಯನ್ನು ಎಲ್ಲೋ ಬಿಟ್ಟುಬಂದವರ ಹಾಗೆ ಹೇಳಿದರು:

“ಆ ಹೊಸ ಕಲಮು ಏನು ಹೇಳುತ್ತೆ ಅಂತ ಒಮ್ಮೆ ಓದಿ ಹೇಳಿ, ಮಿಸೆಸ್ ಮಾಥುರ್. ನಿಧಾನವಾಗಿ ಓದಿ. ನನ್ನ ಕೋರ್ಟಿನಲ್ಲಿ ಇಬ್ಬರು ಬಹಳ ದಿನದಿಂದ ಕಾಯ್ತಿದ್ದಾರೆ.”